ಕೆರೆ ಇಳಿಯುವಾಗ ಹೊಂಗೆ ಯಾಕೆ ಚಿಗುರುತ್ತದೆ

ಜಗತ್ತು ಆಗ ಹೊಸದು. ಮಣ್ಣು ಇನ್ನೂ ಹಸಿ. ಎಲ್ಲಿ ಕೂರೋಣ ಅಂತ ಬೆಟ್ಟಗಳು ಇನ್ನೂ ಜಾಗ ನೋಡುತ್ತಿದ್ದವು.

ಆಗ ಎಲ್ಲರೂ ಮಾತಾಡುತ್ತಿದ್ದರು. ಗಾಳಿ ಮಾತಾಡುತ್ತಿತ್ತು. ಕೆರೆ ಮಾತಾಡುತ್ತಿತ್ತು. ಮರ ಸ್ವಲ್ಪ ಕಡಿಮೆ ಮಾತಾಡುತ್ತಿತ್ತು. ಸೂರ್ಯ ಸ್ವಲ್ಪ ಜಾಸ್ತಿ.

ಈ ಕಥೆ ನಿಮ್ಮಜ್ಜಿಯದು, ಮಗಳೇ. ಅವಳು ಹೇಳಿದ ಹಾಗೇ ಹೇಳುತ್ತೇನೆ. ಅವಳಷ್ಟು ಚೆಂದ ನಿನ್ನ ತಾತನಿಗೆ ಬರಲ್ಲ. ನಿಧಾನಕ್ಕೆ ಹೇಳುತ್ತೇನೆ. ನೀನೂ ನಿಧಾನಕ್ಕೆ ಕೇಳು.

ಆಗ ಕಾವಿಗೆ, ಅಂದರೆ ಬಿಸಿಗೆ, ಮನೆ ಇರಲಿಲ್ಲ. ಬೆಳಗ್ಗೆ ಬಿಸಿಲಿನ ಜೊತೆ ಬರುತ್ತಿತ್ತು. ಹುಲ್ಲಿನ ಮೇಲೆ ಕೂರೋಣ ಅಂದರೆ ಹುಲ್ಲು ತಣ್ಣಗೆ. ಮಣ್ಣಿನ ಮೇಲೆ ಕೂರೋಣ ಅಂದರೆ ಮಣ್ಣು ಹಸಿ. ಮರದ ಕೆಳಗೆ ಹೋದರೆ, ಇಲ್ಲಿ ಜಾಗ ಇಲ್ಲ ಮುಂದೆ ಹೋಗು ಅನ್ನುತ್ತಿತ್ತು ಮರ. ಸಂಜೆಗೆ ಬಿಸಿಲಿನ ಹಿಂದೆಯೇ ಹೊರಟುಹೋಗುತ್ತಿತ್ತು. ಪಾಪ, ಅಲೆಮಾರಿ.

ಜನ ಮರಗಳ ಕೆಳಗೆ ಗುಡಿಸಲು ಹಾಕಿಕೊಂಡಿದ್ದರು. ಒಂದು ದಿನ ಅವರಿಗೆ ಒಂದು ಆಸೆ ಬಂತು. ಎಲ್ಲರೂ ಒಂದೇ ಕಡೆ ಇರೋಣ, ದೊಡ್ಡದಾಗಿ ಕಟ್ಟೋಣ ಅಂತ. ಹಾಗೆ ಲೋಕದ ಮೊದಲನೇ ಪಟ್ಟಣ ಎದ್ದಿತು.

ಕಲ್ಲಿನ ಪಟ್ಟಣ ಅದು. ಗೋಡೆ ಕಲ್ಲು. ಮಾಡು ಕಲ್ಲು. ನೆಲ ಕಲ್ಲು. ಬೀದಿಗೂ ಕಲ್ಲು ಚಪ್ಪಡಿ ಹಾಸಿದರು. ಎಷ್ಟು ನುಣ್ಣಗೆ ಅಂದರೆ, ಈ ತುದಿಯಲ್ಲಿ ಒಂದು ನಿಂಬೆಹಣ್ಣು ಉರುಳಿಸಿದರೆ ಆ ತುದಿಯವರು ಹಿಡಿದುಕೊಳ್ಳಬೇಕು, ಹಾಗೆ.

ಕೆಟ್ಟ ಕೆಲಸ ಅಲ್ಲ ಅದು. ಕೈ ನೋಯಿಸಿಕೊಂಡು ಕಟ್ಟಿದ್ದರು. ಅವರಿಗೆ ಹೆಮ್ಮೆ ಇತ್ತು. ಇರಬೇಕಾದ್ದೇ.

ಆದರೆ ಬೀದಿಯ ಮೇಲೆ ಎಲೆ ಉದುರುತ್ತದೆ ಅಂತ ಮರ ಕಡಿದರು. ಮಾವು ಕಡಿದು ಬಾಗಿಲು ಮಾಡಿದರು. ಬೇವು ಕಡಿದು ತೊಲೆ ಮಾಡಿದರು. ಹುಣಸೆ ಕಡಿದು ಒನಕೆ ಮಾಡಿದರು.

ಹೊಂಗೆ ಒಂದು ಮಾತ್ರ ಉಳಿಯಿತು. ಕೆರೆಯ ಏರಿ ಮೇಲೆ ಅದು ಇತ್ತು. ಅದರ ಮೇಲೆ ಪ್ರೀತಿ ಇತ್ತು ಅಂತ ಬಿಡಲಿಲ್ಲ. ಅದರ ಕೊಂಬೆ ಸೊಟ್ಟ, ತೊಲೆಗೆ ಆಗಲ್ಲ. ಕಾಯಿ ಕಹಿ, ಬಾಯಿಗೆ ಆಗಲ್ಲ. ಸೊಪ್ಪು ಮೇಕೆಗೂ ಬೇಡ. ಕಡಿದರೆ ಕೊಡಲಿಗೆ ದಂಡ ಅಂತ ಬಿಟ್ಟರು. ದಂಡದ ಮರ ಅಂತಲೇ ಹೆಸರಿಟ್ಟರು.

ಹೊಂಗೆ ಸುಮ್ಮನಿತ್ತು. ಆಗೆಲ್ಲ ಅದು ಚಳಿಗಾಲದ ಕೊನೆಗೆ ಎಲೆ ಉದುರಿಸಿದರೆ, ಬೇಸಿಗೆ ಪೂರ್ತಿ ಬೋಳಾಗಿ ನಿಂತು ಮಳೆಗೆ ಕಾಯುತ್ತಿತ್ತು. ಬೋಳುಮರದ ಮೇಲೆ ಕಾಗೆಯೂ ಕೂರುತ್ತಿರಲಿಲ್ಲ.

ಪಟ್ಟಣದ ಮೂಡಲಿಗೆ ಕೆರೆ. ಈ ದಡದಲ್ಲಿ ಕೂಗಿದರೆ ಆ ದಡಕ್ಕೆ ಕೇಳುವಷ್ಟು ಕೆರೆ. ಇಳಿಯಲು ಇಪ್ಪತ್ತು ಮೆಟ್ಟಿಲು.

ಆ ಕೆರೆಗೆ ಒಬ್ಬ ನೀರುಗಂಟಿ ಇದ್ದ. ನೀರುಗಂಟಿ ಅಂದರೆ ಕೆರೆಯ ನೀರು ಕಾಯುವವನು. ನೀರು ಬಿಡುವ ತೂಬು ತೆಗೆಯುವವನೂ ಅವನೇ, ಮುಚ್ಚುವವನೂ ಅವನೇ. ಹೆಸರು ಮೂಡ್ಲಪ್ಪ.

ನೀರುಗಂಟಿ ಆಗುವ ದಿನ ಒಂದು ಪದ್ಧತಿ ಇತ್ತು. ಸೊಂಟದ ಮಟ್ಟ ನೀರಲ್ಲಿ ನಿಲ್ಲಬೇಕು. ಬೊಗಸೆ ತುಂಬಾ ಕೆರೆಯ ನೀರು ಎತ್ತಬೇಕು. ಊರೆಲ್ಲ ನೋಡುತ್ತಿರುವಾಗ ಹೇಳಬೇಕು: "ನನಗೆ ತಿಳಿಯದೆ ಒಂದು ಹನಿ ಹೋಗದು."

ಮೂಡ್ಲಪ್ಪ ಹಾಗೆ ನಿಂತು ಹಾಗೆ ಹೇಳಿದ್ದ. ಹೇಳಿದ್ದನ್ನು ಮರೆಯುವ ಗಂಡಸಲ್ಲ. ದಿನಾ ಬೆಳಗ್ಗೆ ಬಿದಿರಿನ ಕೋಲು ಹಿಡಿದು ಕೆರೆಗೆ ಹೋಗುತ್ತಿದ್ದ. ಕೋಲಿಗೆ ಬೆರಳಿಗೊಂದು ಗೀರು. ಕೋಲು ಇಳಿಸಿ, ಎತ್ತಿ, ಎಷ್ಟು ಒದ್ದೆ ಅಂತ ನೋಡಿ, ಮನೆಗೆ ಬಂದು ಅಂಬಲಿ ಕುಡಿಯುತ್ತಿದ್ದ. ಕೋಲು ನೋಡದೆ ಅಂಬಲಿ ಮುಟ್ಟುತ್ತಿರಲಿಲ್ಲ.

ಅವನ ಹೆಂಡತಿ ದ್ಯಾವಕ್ಕ. ಕುಂಬಾರರ ಮನೆ ಮಗಳು. ಮಾತು ಕಮ್ಮಿ, ಆಡಿದರೆ ನೆಟ್ಟಗೆ. ಮುಂದೆ ಅವರಿಗೆ ಒಂದು ಹೆಣ್ಣುಕೂಸು ಹುಟ್ಟಿತು. ಹೆಸರು ಸಣ್ಣಿ. ಅತ್ತರೆ ಮೂರು ಬೀದಿಗೆ ಕೇಳುತ್ತಿತ್ತು. ನೀರುಗಂಟಿ ಮನೆಯ ಕೂಗು ಅಂತ ಊರವರು ನಗುತ್ತಿದ್ದರು.

ಕೂಸು ಹುಟ್ಟುವ ಮೊದಲಿನ ಒಂದು ಬೇಸಿಗೆ. ತೂಬು ಮುಚ್ಚಿತ್ತು. ಆದರೂ ಕೋಲಿನಲ್ಲಿ ಒಂದು ಬೆರಳು ಕಮ್ಮಿ. ಮಾರನೇ ದಿನ ಇನ್ನೊಂದು ಬೆರಳು. ಅದರ ಮಾರನೇ ದಿನ ಮತ್ತೊಂದು.

ಮೂಡ್ಲಪ್ಪನಿಗೆ ಅಂಬಲಿ ಸೇರಲಿಲ್ಲ.

ನೀರು ಕದಿಯುವವರು ಯಾರು ಅಂತ ಮೂರು ಮಧ್ಯಾಹ್ನ ಏರಿ ಮೇಲೆ ಕೂತು ಕಾದ. ಮೂರನೇ ಮಧ್ಯಾಹ್ನ ಕಳ್ಳ ಸಿಕ್ಕಿದ. ಗಾಳಿ. ನೀರಿನ ಮೇಲೆ ಮೆಲ್ಲಗೆ ಬಂತು, ಬಗ್ಗಿತು, ಒಂದಿಷ್ಟು ಸೆರಗಿಗೆ ತುಂಬಿಕೊಂಡಿತು, ಪಟ್ಟಣದ ಕಡೆ ಹೊರಟಿತು.

ಮೂಡ್ಲಪ್ಪ ಅಡ್ಡ ನಿಂತು ತಡೆದ. ಗಾಳಿ ಹೆದರಲಿಲ್ಲ. ಕೆರೆಯಮ್ಮ ಕೊಡ್ತಾಳೆ, ನಾನು ತಗೊಂಡು ಹೋಗ್ತೀನಿ, ನಿಮ್ಮೂರಿನ ಬೀದಿಯಲ್ಲೇ ಹಂಚ್ತೀನಿ ಅಂತು. ಎಲ್ಲಿ ಹಂಚುತ್ತೀಯ, ಯಾರ ಮನೆಯ ಬಿಂದಿಗೆಗೆ ಹಾಕಿದೀಯ ತೋರಿಸು ಅಂದ ಮೂಡ್ಲಪ್ಪ. ಬಿಂದಿಗೆಗೆ ಹಾಕಲ್ಲ ಮೂಡ್ಲಣ್ಣ, ಹಣೆಗೆ ಹಾಕ್ತೀನಿ ಅಂತು ಗಾಳಿ.

ಮೂಡ್ಲಪ್ಪ ನಂಬಲಿಲ್ಲ. ಹಣೆಗೆ ಹಾಕಿದ ನೀರನ್ನು ಯಾವ ಕೋಲಿನಲ್ಲಿ ಅಳೆಯುವುದು?

ಊರಿನ ಯಜಮಾನರ ಹತ್ತಿರ ಹೋದ. ಕೆರೆಗೆ ಮುಚ್ಚಳ ಹಾಕಬೇಕು ಅಂದ. ಯಜಮಾನರು ಕಲ್ಲಿನ ಕೆಲಸ ಅಂದರೆ ಊಟ ಬಿಡುವ ಮನುಷ್ಯ. ಕೂಡಲೇ ಒಪ್ಪಿದರು. ಮುಚ್ಚಳ ಇರುವ ಕೆರೆ ಇನ್ನಾವ ಊರಿಗಿದೆ ಅಂದರು. ಬೇರೆ ಊರೇ ಇನ್ನೂ ಹುಟ್ಟಿರಲಿಲ್ಲ, ಅದು ಬೇರೆ ಮಾತು.

ಮೂರು ಸುಗ್ಗಿ ಕಳೆಯಿತು. ನೀರಿನೊಳಗೆ ಕಂಬ ನಿಲ್ಲಿಸಿದರು. ಕಂಬದ ಮೇಲೆ ಚಪ್ಪಡಿ ಹೊದಿಸಿದರು. ಬೇರು ಕುಡಿದೀತು ಅಂತ ಏರಿಯ ಒಳಮೈಗೂ ಕಲ್ಲು ಬಿಗಿದರು. ಕೋಲು ಇಳಿಸಲು ಒಂದು ತೂತು ಬಿಟ್ಟರು. ಅಷ್ಟೇ.

ಕೆರೆ ಕತ್ತಲಾಯಿತು. ಕಪ್ಪೆಗಳು ಕಲ್ಲಿಗೆ ಹಾಡಿ ಹಾಡಿ ಸಾಕಾಗಿ ಸುಮ್ಮನಾದವು. ಗಾಳಿ ಬಂದು ಮುಚ್ಚಳ ತಟ್ಟಿತು. ತಟ್ಟಿ ತಟ್ಟಿ, ಬರಿಗೈಯಲ್ಲಿ ಬೀದಿಗೆ ಹೋಯಿತು.

ಆ ಬೇಸಿಗೆ ಕೋಲಿನಲ್ಲಿ ಒಂದು ಬೆರಳೂ ಇಳಿಯಲಿಲ್ಲ. ಮೂಡ್ಲಪ್ಪ ಎದೆ ಎತ್ತಿ ನಡೆದ. ಮನೆಗೆ ಬಂದವನೇ ಇನ್ನೊಂದು ಕೆಲಸ ಮಾಡಿದ. ಮೂಲೆಯಲ್ಲಿ ಕುಡಿಯುವ ನೀರಿನ ಮಡಕೆ ಇತ್ತು. ದ್ಯಾವಕ್ಕನ ಅಪ್ಪ ತಟ್ಟಿ, ಸುಟ್ಟು, ಮದುವೆಯಲ್ಲಿ ಕೊಟ್ಟಿದ್ದ ಮಡಕೆ. ಅದರ ಮೈ ಸದಾ ಒದ್ದೆ. ಇದೂ ಸೋರುತ್ತಿದೆ ಅಂದುಕೊಂಡು ಮೂಡ್ಲಪ್ಪ ಮಡಕೆಯ ಮೈಗೆಲ್ಲ ಅರಗು ಮೆತ್ತಿದ. ಹನಿ ಆಚೆ ಬರದ ಹಾಗೆ.

ದ್ಯಾವಕ್ಕ ನೋಡಿದಳು. ಏನೂ ಅನ್ನಲಿಲ್ಲ. ಆಗ ಅನ್ನಬೇಕಿತ್ತು ಅಂತ ಆಮೇಲೆ ಅಂದುಕೊಂಡಳು.

ಇಲ್ಲಿ ನಿಮ್ಮಜ್ಜಿ ಒಂದು ಗುಟುಕು ನೀರು ಕುಡಿಯುತ್ತಿದ್ದಳು.

ಈಗ ಕಾವಿನ ವಿಷಯಕ್ಕೆ ಬರೋಣ. ಅಲೆಮಾರಿ ಕಾವು ಒಂದು ದಿನ ಪಟ್ಟಣಕ್ಕೆ ಬಂತು. ಬೀದಿಯ ಕಲ್ಲಿನ ಮೇಲೆ ಕೂತಿತು. ಯಾರೂ ಏಳು ಅನ್ನಲಿಲ್ಲ. ಗೋಡೆಗೆ ಒರಗಿತು. ಯಾರೂ ಆಚೆ ಸರಿ ಅನ್ನಲಿಲ್ಲ. ಮಾಡಿನ ಮೇಲೆ ಮಲಗಿತು. ಒಳ್ಳೇ ಮನೆ ಸಿಕ್ಕಿತಲ್ಲ ಅಂತ ಕಲ್ಲಿನ ಒಳಗೇ ಹೋಗಿ ಕೂತಿತು. ಸಂಜೆ ಬಿಸಿಲು ಕರೆಯಿತು, ಬಾ ಹೋಗೋಣ ಅಂತ. ನೀನು ಹೋಗು, ನಾನು ಇಲ್ಲೇ ಇರ್ತೀನಿ ಅಂತು ಕಾವು.

ಅವತ್ತಿನಿಂದ ಪಟ್ಟಣದಲ್ಲಿ ಸಂಜೆಯಾದರೂ ಮಧ್ಯಾಹ್ನ ಮುಗಿಯಲಿಲ್ಲ.

ಮಕ್ಕಳು ಬೀದಿಗೆ ಕಾಲಿಡಲು ಆಗಲಿಲ್ಲ. ಕೋಳಿ ಕಾವಿಗೆ ಕೂರಲಿಲ್ಲ, ಮೊಟ್ಟೆಗೆ ಕೋಳಿಯೇ ಬೇಡ ಅಂತ ಹಾಸ್ಯ ಮಾಡಿದರು. ಆಮೇಲೆ ಹಾಸ್ಯ ಮಾಡುವುದನ್ನೂ ಬಿಟ್ಟರು. ಗುಬ್ಬಿಗಳು ಹೇಳದೆ ಹೋದವು. ಕಲ್ಲಿಗೆ ನೀರು ಎರಚಿದರೆ ಚುರ್ ಅಂದು ಆರುತ್ತಿತ್ತು.

ಆಮೇಲೆ ಜನ ಗಂಟು ಕಟ್ಟಲು ಶುರು ಮಾಡಿದರು. ಮೊದಲು ಒಂದು ಮನೆ. ಆಮೇಲೆ ಒಂದು ಬೀದಿ.

ಮೂಡ್ಲಪ್ಪ ಮಾತ್ರ ಎಲ್ಲರಿಗೂ ಹೇಳುತ್ತಿದ್ದ. ಯಾಕೆ ಹೋಗ್ತೀರಿ, ಕೆರೆ ತುಂಬೈತೆ, ಒಂದು ಬೆರಳೂ ಇಳಿದಿಲ್ಲ ಅಂತ. ಅದು ನಿಜವೇ. ಕೆರೆ ತುಂಬಿತ್ತು. ಊರು ಖಾಲಿಯಾಗುತ್ತಿತ್ತು.

ಆಗ ಸಣ್ಣಿಗೆ ಆರು ತಿಂಗಳು. ಒಂದು ದಿನ ಕೂಸಿಗೆ ಮೈ ಸುಟ್ಟಿತು. ಮೈತುಂಬ ಬೆವರುಸಾಲೆ. ಬೆಳಗ್ಗೆ ಅತ್ತಿತು. ಹೊತ್ತು ಏರಿದ ಹಾಗೆ ಅಳು ಸಣ್ಣದಾಯಿತು. ಮಧ್ಯಾಹ್ನಕ್ಕೆ ನಿಂತೇಹೋಯಿತು. ಮೂರು ಬೀದಿಗೆ ಕೇಳುವ ಕೂಗು, ಮಡಿಲಲ್ಲಿ ಇದ್ದವಳಿಗೇ ಕೇಳಲಿಲ್ಲ.

ದ್ಯಾವಕ್ಕ ಮಡಕೆಯ ನೀರು ತೆಗೆದು ಕೂಸಿನ ತುಟಿಗೆ ಹಚ್ಚಿದಳು. ನೀರು ಸ್ನಾನದ ನೀರಿನಷ್ಟು ಬಿಸಿ. ಕೂಸು ಮುಖ ತಿರುಗಿಸಿತು.

ಮೂಡ್ಲಪ್ಪ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಕೋಲು.

ದ್ಯಾವಕ್ಕ ಅವನ ಕಡೆ ನೋಡಿದಳು.

"ಮಡಕೆಯಲ್ಲಿ ನೀರು ಉಳೀತಾ?"

"ಉಳೀತು."

"ತಂಪು ಉಳೀತಾ?"

ಮೂಡ್ಲಪ್ಪ ಕೋಲಿನ ಗೀರು ನೋಡಿದ.

"ನಮ್ಮಪ್ಪ ಕುಂಬಾರ. ನಲವತ್ತು ವರ್ಷ ಮಡಕೆ ಸುಟ್ಟ. ಬೆವರೋ ಮಡಕೆಯೇ ತಂಪು ಮಗಳೇ, ಬೆವರದಿದ್ರೆ ಅದು ಬರೀ ಡಬ್ಬ ಅಂತಿದ್ದ. ನೀನು ಅದಕ್ಕೆ ಬೆವರಬೇಡ ಅಂದೆ. ಕೆರೆಗೂ ಬೆವರಬೇಡ ಅಂದೆ. ಈಗ ನೋಡು ನಿನ್ನ ಮಗಳನ್ನ. ಅವಳಿಗೂ ಬೆವರು ಬತ್ತಿತು."

ಹೌದು. ಕೂಸಿನ ಹಣೆ ಒಣಗಿತ್ತು. ಬೆವರಿಲ್ಲದ ಬಿಸಿ.

ದ್ಯಾವಕ್ಕ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದಳು. ಎಲ್ಲಿಗೆ ಅಂತ ಕೇಳಿದ. ಮರ ಇರೋ ಕಡೆಗೆ ಅಂದಳು. ಊರಿಗೆ ಇದ್ದದ್ದು ಒಂದೇ ಮರ.

ಏರಿಯ ಮೇಲೆ ಹೊಂಗೆ ಬೋಳಾಗಿ ನಿಂತಿತ್ತು. ಎಲೆ ಇಲ್ಲ. ನೆರಳು ಅಂದರೆ ಕಾಂಡದ ನೆರಳು, ಒಂದು ಮೊಳ ಅಗಲ. ದ್ಯಾವಕ್ಕ ಆ ಒಂದು ಮೊಳದಲ್ಲಿ ಕೂಸನ್ನು ಮಲಗಿಸಿ, ತಾನು ಬಿಸಿಲಲ್ಲಿ ಕೂತಳು.

ಹೊಂಗೆಗೆ ನಾಚಿಕೆ ಆಯಿತು. ಅದರ ಕೆಳಗೆ ಯಾರೂ ಬಂದು ಕೂತಿರಲೇ ಇಲ್ಲ.

"ಅಕ್ಕಾ," ಅಂತು ಹೊಂಗೆ. "ಎಲೆ ಬಿಡೋಣ ಅಂದ್ರೆ ನೀರಿಲ್ಲ. ಬೇರು ಕೆರೆಯ ತನಕ ಹೋಗ್ತೈತೆ. ಅಲ್ಲಿ ಕಲ್ಲು ಅಡ್ಡ."

ದ್ಯಾವಕ್ಕ ಹಿಂದೆಯೇ ಬಂದಿದ್ದ ಗಂಡನ ಕಡೆ ತಿರುಗಿದಳು. ಕಲ್ಲು ತೆಗಿ ಅಂದಳು. ಒಂದು ಮುಚ್ಚಳದ್ದು, ಗಾಳಿಗೆ. ಒಂದು ಏರಿಯದ್ದು, ಮರಕ್ಕೆ.

ಅಷ್ಟರಲ್ಲಿ ಯಜಮಾನರು ಬಂದಿದ್ದರು. ಊರಲ್ಲಿ ಉಳಿದವರೂ ಬಂದಿದ್ದರು. ಕೆಲವರ ತಲೆ ಮೇಲೆ ಗಂಟು ಇತ್ತು, ಹೊರಟವರು ಹಾಗೇ ತಿರುಗಿ ಬಂದಿದ್ದರು. ಯಜಮಾನರು ಮೂಡ್ಲಪ್ಪನಿಗೆ ಹೇಳಿದರು. ಮೂರು ಸುಗ್ಗಿ ದುಡಿದು ಹೊದಿಸಿದ ಕಲ್ಲು ಇದು, ನೀನೇ ಕೇಳಿದ್ದು, ನೀನೇ ತೆಗೆದರೆ ಕೋಲು ಇಲ್ಲಿಟ್ಟು ಹೋಗು ಅಂತ. ಆಮೇಲೆ ನೀರುಗಂಟಿ ಅಂತ ಯಾರೂ ನಿನ್ನ ಕರೆಯಲ್ಲ ಅಂತ.

ಮೂಡ್ಲಪ್ಪ ಕೋಲನ್ನು ಎದೆಗೆ ಒತ್ತಿಕೊಂಡ. ಕೋಲು ಅವನಿಗೆ ಬರೀ ಕೋಲಲ್ಲ. ಅವನ ಅಪ್ಪ ಹಿಡಿದದ್ದು, ಅಪ್ಪನ ಅಪ್ಪ ಹಿಡಿದದ್ದು.

"ನಾನು ಬೊಗಸೆ ಎತ್ತಿ ಮಾತು ಕೊಟ್ಟೀನಿ ಕಣೇ," ಅಂದ ಹೆಂಡತಿಗೆ.

"ಏನಂತ ಕೊಟ್ಟೆ?"

"ನನಗೆ ತಿಳಿಯದೆ ಒಂದು ಹನಿ ಹೋಗದು ಅಂತ."

"ಸರಿ. ತಿಳಿದು ಕೊಡು."

ದ್ಯಾವಕ್ಕ ಅಷ್ಟೇ ಹೇಳಿದ್ದು. ಅಷ್ಟು ಹೇಳಿ ಕೂಸಿನ ಮುಖಕ್ಕೆ ಸೆರಗು ಬೀಸಿದಳು.

ಮೂಡ್ಲಪ್ಪ ಕೋಲನ್ನು ಯಜಮಾನರ ಕಾಲ ಹತ್ತಿರ ಇಟ್ಟ. ಹಾರೆ ತಗೊಂಡ.

ಚಪ್ಪಡಿ ಬಿಗಿಯಾಗಿತ್ತು. ತಾನೇ ನಿಂತು ಬಿಗಿ ಮಾಡಿಸಿದ್ದ. ಅಂಗೈ ಕಿತ್ತುಹೋಯಿತು. ಮೂರನೇ ಸಲ ಮೀಟಿದಾಗ ಎದ್ದಿತು. ಪಕ್ಕಕ್ಕೆ ಉರುಳಿತು. ಆಮೇಲೆ ಏರಿಯ ಮೈಗೆ ಹೋಗಿ, ಬೇರಿಗೆ ಅಡ್ಡ ಕೊಟ್ಟ ಕಲ್ಲನ್ನೂ ಕಿತ್ತ.

ತೆರೆದ ಜಾಗದಿಂದ ಕೆರೆ ಉಸಿರು ಬಿಟ್ಟಿತು. ಆ ಉಸಿರು ನಿಂತವರೆಲ್ಲರ ಮುಖಕ್ಕೆ ತಾಕಿತು.

"ತಪ್ಪಾಯ್ತು ತಾಯಿ," ಅಂದ ಮೂಡ್ಲಪ್ಪ.

ಕೆರೆ ಬಹಳ ದಿನ ಮಾತಾಡಿರಲಿಲ್ಲ. ದನಿ ಒರಟಾಗಿತ್ತು.

"ತುಂಬಿದಾಗ ಹೊಗಳ್ತೀಯ ಮಗಾ. ಇಳಿದಾಗ ಕೋಲು ಹಿಡಿದು ಅಳ್ತೀಯ. ತುಂಬಿದಾಗ ನಾನು ಸುಮ್ನೆ ಮಲಗಿರ್ತೀನಿ. ಇಳಿಯುವಾಗಲೇ ನಾನು ದುಡಿಯೋದು."

ಆಮೇಲೆ ಕೆರೆ ಹೊಂಗೆಯನ್ನು ಕೂಗಿತು. ಏರಿ ಮೇಲಿನವನೇ, ನಿನ್ನನ್ನು ದಂಡ ಅಂತಾರಂತೆ, ನನ್ನ ಜೊತೆ ಕೆಲಸಕ್ಕೆ ಬರ್ತೀಯ ಅಂತ ಕೇಳಿತು. ಬೇರೆ ಮರದ ಹಾಗೆ ಮಳೆಗೆ ಕಾಯಬೇಡ. ಬಿಸಿಲು ಹೆಚ್ಚಿದಷ್ಟೂ ನಾನು ನಿನ್ನ ಬೇರಿಗೆ ನೀರು ಕೊಡ್ತೀನಿ. ನೀನು ಅದನ್ನು ಎಲೆಯಲ್ಲಿ ಬೆವರು. ಮಡಕೆ ಬೆವರೋ ಹಾಗೆ.

ಹೊಂಗೆ ಕೇಳಿತು, ಎಳೇ ಎಲೆ, ಈ ಬಿಸಿಲಲ್ಲಿ ಬಿಟ್ಟರೆ ಸುಟ್ಟುಹೋಗಲ್ವಾ ಅಂತ.

ಮೇಲಿಂದ ಸೂರ್ಯ ನಕ್ಕ. ಬೇರೆಯವರ ಮಾತಿನಲ್ಲಿ ಬಾಯಿ ಹಾಕುವುದು ಅವನ ಬುದ್ಧಿ.

"ಬಿಡು ನೋಡೋಣ, ದಂಡದ ಮರ," ಅಂದ. "ಸುಡೋದು ನನ್ನ ಕೆಲಸ. ನಾನಂತೂ ಬಿಡಲ್ಲ."

"ಬಿಡಬೇಡ," ಅಂತು ಹೊಂಗೆ. "ನಾನೂ ಬಿಡಲ್ಲ."

ಮರ ಅಷ್ಟು ನೆಟ್ಟಗೆ ಮಾತಾಡಿದ್ದು ಅದೇ ಮೊದಲು.

ಜಗತ್ತು ಆಗ ಹೊಸದು ಅಂದೆನಲ್ಲ. ಮರಕ್ಕೆ ಚಿಗುರಲು ವಾರ ಬೇಕಿರಲಿಲ್ಲ. ಮನಸ್ಸು ಬೇಕಿತ್ತು. ಹೊಂಗೆ ಬೇರಿನಿಂದ ಒಂದು ಗುಟುಕು ಎಳೆಯಿತು. ಇನ್ನೊಂದು ಎಳೆಯಿತು. ಸೊಟ್ಟ ಕೊಂಬೆಯ ತುದಿಯಲ್ಲಿ ಕೆಂಪಗೆ ಏನೋ ಕಂಡಿತು. ಕೂಸಿನ ಕಿವಿಯಷ್ಟು ಎಳೆಯದು. ಆಮೇಲೆ ಎಲ್ಲಾ ಕೊಂಬೆಗೂ ಕಂಡಿತು. ಕೆಂಪು ಹೋಗಿ ಹಸಿರಾಯಿತು. ಸೂರ್ಯ ಇದ್ದ ಬದ್ದ ಶಕ್ತಿಯೆಲ್ಲ ಹಾಕಿದ. ಎಲೆ ಬೆವರಿತು. ಬೆವರಿ ಬೆವರಿ ಹೊಳೆಯಿತು. ಸೂರ್ಯ ಸುಟ್ಟಷ್ಟೂ ಹೊಳೆಯಿತು.

ಒಂದು ಮೊಳದ ನೆರಳು ಹತ್ತು ಮೊಳ ಆಯಿತು. ಬಿಸಿಲಲ್ಲಿ ಕೂತಿದ್ದ ದ್ಯಾವಕ್ಕ ಕದಲಲಿಲ್ಲ. ನೆರಳೇ ಬಂದು ಅವಳನ್ನು ಸೇರಿಸಿಕೊಂಡಿತು.

ಗಾಳಿ ಬಂತು. ತೆರೆದ ಕಲ್ಲಿನ ಹತ್ತಿರ ಬಗ್ಗಿತು, ಸೆರಗು ತುಂಬಿಕೊಂಡಿತು. ಮೂಡ್ಲಪ್ಪನ ಮುಖ ನೋಡಿತು, ತಗೊಳ್ಳಲಾ ಅನ್ನುವ ಹಾಗೆ. ಮೂಡ್ಲಪ್ಪ ತಲೆ ಆಡಿಸಿದ. ಗಾಳಿ ಎಲೆಗಳ ನಡುವೆ ನುಗ್ಗಿ, ಅಲ್ಲಿಯದೂ ಒಂದಿಷ್ಟು ಸೇರಿಸಿಕೊಂಡು, ಕೆಳಗೆ ಇಳಿದು, ಕೂಸಿನ ಹಣೆಯ ಮೇಲೆ ಇಟ್ಟಿತು.

ಒಂದು ಸಲ ಇಟ್ಟಿತು. ಎರಡು ಸಲ ಇಟ್ಟಿತು. ಎಷ್ಟು ಸಲವೋ.

ದ್ಯಾವಕ್ಕ ಕೈ ಇಟ್ಟು ನೋಡಿದಳು. ಹಣೆ ಒದ್ದೆಯಾಗಿತ್ತು.

ಆಮೇಲೆ ಸಣ್ಣಿ ಅತ್ತಳು.

ಮೊದಲು ಸಣ್ಣಗೆ. ಆಮೇಲೆ ಒಂದು ಬೀದಿಗೆ ಕೇಳುವಷ್ಟು. ಆಮೇಲೆ ಮೂರು ಬೀದಿಗೆ. ಊರ ಬಾಗಿಲು ದಾಟಿ ಹೋಗುತ್ತಿದ್ದವರು ನಿಂತರು. ನೀರುಗಂಟಿ ಮನೆಯ ಕೂಗು ಅದು ಅಂದರು. ತಲೆಯ ಮೇಲಿನ ಗಂಟು ಇಳಿಸಿದರು.

ಏರಿ ಮೇಲೆ ಯಜಮಾನರು ಬಗ್ಗಿ ಕೋಲು ಎತ್ತಿಕೊಂಡರು. ಮೂಡ್ಲಪ್ಪನ ಹತ್ತಿರ ಬಂದರು. ನೀನೇ ಇಟ್ಟಿದ್ದಲ್ವಾ ಅಂದರು. ಹೌದು ಅಂದ. ಹಾಗಾದರೆ ಗಂಡ ಹೆಂಡತಿ ಇಬ್ಬರೂ ಹಿಡ್ಕೊಳ್ಳಿ, ನಿನ್ನೊಬ್ಬನ ಕೈಗೆ ಕೊಟ್ಟರೆ ಇನ್ನೇನು ಮುಚ್ತೀಯೋ ಅಂದರು. ಎಲ್ಲರೂ ನಕ್ಕರು. ಬಹಳ ದಿನದ ಮೇಲೆ ನಕ್ಕಿದ್ದು. ದ್ಯಾವಕ್ಕ ಒಂದು ಕೈಯಲ್ಲಿ ಕೂಸು, ಒಂದು ಕೈಯಲ್ಲಿ ಕೋಲು ಹಿಡಿದಳು.

ನೀರುಗಂಟಿ ಕೋಲು ಹಿಡಿದ ಮೊದಲ ಹೆಂಗಸು ಅವಳು. ಇದನ್ನು ಹೇಳುವಾಗ ನಿಮ್ಮಜ್ಜಿ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದಳು.

ಆಮೇಲೆ ಊರವರು ಸೇರಿ ಕೆರೆಯ ಮುಚ್ಚಳ ಪೂರ್ತಿ ತೆಗೆದರು. ಹಾಕಲು ಮೂರು ಸುಗ್ಗಿ ಹಿಡಿದಿತ್ತು. ತೆಗೆಯಲು ಮೂರು ವಾರ. ತೆಗೆದ ಕಲ್ಲನ್ನು ಎಸೆಯಲಿಲ್ಲ. ಹಕ್ಕಿಗಳಿಗೆ ನೀರು ಕುಡಿಯಲು ತೊಟ್ಟಿ ಕಡೆದರು. ಬೀದಿಯ ನಡುವೆ ಚಪ್ಪಡಿ ಎತ್ತಿ, ತೂಬಿನಿಂದ ಒಂದು ಕಾಲುವೆ ಎಳೆದರು. ಕಾಲುವೆಯ ಉದ್ದಕ್ಕೂ ಮಣ್ಣು ಬಿಟ್ಟು ಹೊಂಗೆ ಬೀಜ ಊರಿದರು. ಗಿಡ ಮರವಾದ ಮೇಲೆ ಸುತ್ತ ಕಟ್ಟೆ ಕಟ್ಟಿದರು. ಯಜಮಾನರೇ ನಿಂತು ಕಟ್ಟಿಸಿದರು. ಕಲ್ಲಿನ ಕೆಲಸ ಅಲ್ವಾ, ಊಟ ಬಿಟ್ಟರು.

ಕಾವು ಕಲ್ಲಿನೊಳಗೆ ಕೂತಿತ್ತಲ್ಲ, ಅದಕ್ಕೆ ಇರಲು ಆಗಲಿಲ್ಲ. ಗೋಡೆಗೆ ಒರಗಿದರೆ ನೆರಳು ತಳ್ಳಿತು. ಬೀದಿಯಲ್ಲಿ ಕೂತರೆ ಕಾಲುವೆ ಎಬ್ಬಿಸಿತು. ಒಂದು ಸಂಜೆ ಬಿಸಿಲಿನ ಹಿಂದೆ ಹೊರಟುಹೋಯಿತು. ಹೋಗುವಾಗ ಒಂದು ಮಾತು ಹೇಳಿತಂತೆ: ಕಲ್ಲು ಜಾಸ್ತಿ ಆದ ಕಡೆ ಮತ್ತೆ ಬರ್ತೀನಿ ಅಂತ. ಅದು ಆಡಿದ ಮಾತು ತಪ್ಪಿಲ್ಲ. ನಮ್ಮ ಪಟ್ಟಣಗಳನ್ನು ನೋಡಿದರೆ ಗೊತ್ತಾಗುತ್ತದೆ.

ಮೂಡ್ಲಪ್ಪನಿಗೆ ಒಂದು ಚಿಂತೆ ಉಳಿದಿತ್ತು. ಹೀಗೆ ಕೊಡುತ್ತಾ ಹೋದರೆ ಕೆರೆ ಬರಿದಾಗಲ್ವಾ ಅಂತ. ಗಾಳಿಯನ್ನು ಕರೆದು ಕೇಳಿದ. ಸೆರಗಿನಲ್ಲಿ ತಗೊಂಡದ್ದನ್ನ ಮುಂಗಾರಿನಲ್ಲಿ ಹೊತ್ತು ತರ್ತೀನಿ ಅಂತ ಗಾಳಿ ಮಾತು ಕೊಟ್ಟಿತು. ಗಾಳಿಯ ಮಾತು ಗಾಳಿಯ ಮಾತೇ, ಕೆಲವು ವರ್ಷ ತರುತ್ತದೆ, ಕೆಲವು ವರ್ಷ ತಡ ಮಾಡುತ್ತದೆ ಅಂದಳು ದ್ಯಾವಕ್ಕ. ಅದಕ್ಕೇ ಒಂದು ಕಟ್ಟುಪಾಡು ಮಾಡಿದರು. ಇಪ್ಪತ್ತು ಮೆಟ್ಟಿಲಲ್ಲಿ ಮೇಲಿನ ಹನ್ನೆರಡು ಕೊಡಲು. ಕೆಳಗಿನ ಎಂಟು ಮೀನಿಗೆ, ಕಪ್ಪೆಗೆ, ನಾಳೆಗೆ. ಹನ್ನೆರಡನೇ ಮೆಟ್ಟಿಲು ಬಂದರೆ ತೂಬು ಮುಚ್ಚಬೇಕು. ಬೀದಿಯ ಕಾಲುವೆ ನಿಲ್ಲಬೇಕು. ಬೇರಿಗೂ ಗಾಳಿಗೂ ಮಾತ್ರ ಯಾವತ್ತೂ ತಡೆ ಇಲ್ಲ.

ಅಲ್ಲಿಂದ ಆ ಊರಲ್ಲಿ ಒಂದು ಪದ್ಧತಿ ಬಂತು. ಬೇಸಿಗೆಯಲ್ಲಿ ದಿನಾ ಬೆಳಗ್ಗೆ ಮೂಡ್ಲಪ್ಪನೋ ದ್ಯಾವಕ್ಕನೋ ಕೋಲು ಇಳಿಸಿ ನೋಡುತ್ತಿದ್ದರು. ಆಮೇಲೆ ಬೀದಿಯಲ್ಲಿ ಕೂಗಿ ಹೇಳುತ್ತಿದ್ದರು.

"ನಿನ್ನೆ ಕೆರೆ ಒಂದು ಬೆರಳು ಕೊಟ್ಟಿತು."

ಕೇಳಿದವರು ಹಣೆ ಮುಟ್ಟಿಕೊಳ್ಳುತ್ತಿದ್ದರು. ಬಂತು ಅನ್ನುತ್ತಿದ್ದರು.

ಮೊದಲು ಒಂದು ಬೆರಳು ಇಳಿದರೆ ಅಂಬಲಿ ಸೇರದಿದ್ದ ಮನುಷ್ಯ, ಈಗ ಒಂದು ಬೆರಳು ಇಳಿಯಿತು ಅಂತ ಎದೆ ಎತ್ತಿ ಹೇಳಿ ಬಂದು, ಎರಡು ಬಟ್ಟಲು ಅಂಬಲಿ ಕುಡಿಯುತ್ತಿದ್ದ. ಮಡಕೆಯ ಅರಗನ್ನು ಅವನೇ ಕೂತು ಕೆರೆದು ತೆಗೆದ. ಒಂದು ದಿನ ಪೂರ್ತಿ ಹಿಡಿಯಿತು. ದ್ಯಾವಕ್ಕ ಸಹಾಯ ಮಾಡಲಿಲ್ಲ. ಪಕ್ಕದಲ್ಲಿ ಕೂತು ನೋಡಿದಳು, ಅಷ್ಟೇ.

ದಂಡದ ಮರ ಅನ್ನುವ ಹೆಸರು ಹೋಯಿತು. ಹೊಂಗೆಯ ನೆರಳು, ತಾಯಿಯ ಮಡಿಲು ಅನ್ನುತ್ತಾರೆ ಈಗ. ಅದರ ಕಾಯಿ ಇವತ್ತೂ ಕಹಿ. ಕೊಂಬೆ ಇವತ್ತೂ ಸೊಟ್ಟ. ಅದಕ್ಕೆ ಅದರ ಚಿಂತೆ ಇಲ್ಲ. ಶಿವರಾತ್ರಿ ಚಳಿ ಕಳೆದ ಹೊತ್ತಿಗೆ ಹಳೇ ಎಲೆ ಉದುರಿಸಿ, ಮಳೆಗೆ ಕಾಯದೆ, ಯುಗಾದಿ ಬಿಸಿಲಿಗೆ ಮೈತುಂಬ ಹೊಸ ಎಲೆ ಉಟ್ಟು ನಿಲ್ಲುತ್ತದೆ. ಮಾತು ಕೊಟ್ಟಿದೆ ಅದು.

ನೀನು ಕೇಳಿದೆಯಲ್ಲ ಮಗಳೇ, ನಮ್ಮ ಬಡಾವಣೆಯ ಕೆರೆ ಇಳಿದುಹೋಗಿದೆ, ಯಾರು ಕುಡಿದರು ತಾತ ಅಂತ. ಅಳಬೇಡ. ಬಾಗಿಲ ಪಕ್ಕದ ಮಡಕೆ ಮುಟ್ಟಿ ನೋಡು. ನಿಮ್ಮಜ್ಜಿ ತಂದಿಟ್ಟಿದ್ದು. ಇವತ್ತೂ ಬೆವರುತ್ತಿದೆ. ನಾನು ದಿನಾ ತುಂಬುತ್ತೇನೆ.

ನಾಳೆ ಮಧ್ಯಾಹ್ನ ಕೆರೆಗೆ ಹೋಗೋಣ. ಎಷ್ಟು ಮೆಟ್ಟಿಲು ಇಳಿದಿದೆ ಅಂತ ಎಣಿಸು. ಎಣಿಸಿ ಆದ ಮೇಲೆ ತಲೆ ಎತ್ತು: ಕೆರೆಯಲ್ಲಿ ಇಳಿದದ್ದೆಲ್ಲ ಏರಿಯ ಮೇಲೆ ಹೊಂಗೆಯಾಗಿ ಹೊಳೆಯುತ್ತಿರುತ್ತದೆ, ಅದರ ಕೆಳಗೆ ನಿನ್ನ ಹಣೆ ತಣ್ಣಗಿರುತ್ತದೆ.